ಸೊಂಟ ಹಿಡಿದವರು ಹುಡುಕುವ ಮಾತು

ಗದಗಿನ ಹಾಸಿಗೆ ಅಂಗಡಿಯ ಸಾವ್ಕಾರ ಗುರುಪಾದಪ್ಪನವರು ಗುಮಾಸ್ತನನ್ನು ಕರೆದು ಗುಡುಗಿದರು.

"ನೆಟ್‌ನ್ಯಾಗ ಹುಡುಕಿದ್ರ ನಮ್ಮ ಅಂಗಡಿ ಬ್ಲಾಗೇ ಮೊದಲ ಬರಬೇಕಲೇ. ಸಾಲಿಗೊಮ್ಮೆ ನಮ್ಮ ಅಂಗಡಿ ಬಿರುದು 'ಶಯನಸುಖ ಸಾಮ್ರಾಟ' ಅಂತ ಬರಿ. ಬರಲಿಲ್ಲಂದ್ರ ನಿನ್ನ ಕೆಲಸ ಹೋತು."

ಹಳ್ಳಿಯಲ್ಲಿ ಬೆಳೆದ ಗುಮಾಸ್ತ ಇಂಥ ಗುಡುಗಿಗೆ ಬಗ್ಗುವ ಆಸಾಮಿಯೇ? ನಿದ್ದೆಗೆಟ್ಟವನು ಯಾವ ಸಾಮ್ರಾಟನನ್ನೂ ಹುಡುಕುವುದಿಲ್ಲ, ತನ್ನ ನೋವನ್ನೇ ಬರೆದು ಹುಡುಕುತ್ತಾನೆ ಎಂದು ಅವನಿಗೆ ಗೊತ್ತಿತ್ತು. ಸಾಮ್ರಾಟನನ್ನು ಅಂಗಡಿಯ ಹೆಸರಿನೊಂದಿಗೆ ಪುಟದ ತಳಕ್ಕೆ ಕಳಿಸಿದ. ಮೇಲೆ "ಬೆಳಗ್ಗೆ ಏಳುವಾಗ ಸೊಂಟ ಹಿಡಿದರೆ ಏನು ಮಾಡಬೇಕು" ಎಂದು ತಲೆಬರಹ ಕೊಟ್ಟು, ಮೊಣಕಾಲ ಕೆಳಗೆ ದಿಂಬಿಟ್ಟು ಮಲಗುವ ಉಪಾಯವನ್ನು ಬರೆದ.

ಕೆಲವು ವಾರಗಳ ಮೇಲೆ ಸಾವ್ಕಾರರು ಫೋನು ಹಿಡಿದು ನಗುನಗುತ್ತ ಅಂಗಡಿಗೆ ಬಂದರು.

"ಸೊಂಟ ಹಿಡಿದು ಸತ್ತ ಹೋಗಿದ್ನಲೇ. ನೆಟ್‌ನ್ಯಾಗ ಹುಡುಕಿದ್ರ ಯಾವನೋ ಪುಣ್ಯಾತ್ಮ ಬರೆದಿದ್ದು ಮೊದಲ ಸಿಕ್ತು. ಹಂಗ ದಿಂಬಿಟ್ಟೆ, ಕೂಸಿನಂಗ ಮಲಗಿದೆ. ನಿನ್ನ ಬಿಡಿಸಿ ಅವನ್ನ ಇಟ್ಕೋತೀನಿ."

"ಕೆಳಗ ಸರಿಸಿ ಅಂಗಡಿ ಹೆಸರು ಓದ್ರಿ, ಸಾವ್ಕಾರ್ರ."

ಸಾವ್ಕಾರರು ಓದಿದರು, ಗುಮಾಸ್ತನನ್ನು ನೋಡಿದರು, ಮತ್ತೆ ಓದಿದರು. ಆಮೇಲೆ ಎರಡೂ ಕೈ ಜೋಡಿಸಿದರು.

"ಹಂಗಾದ್ರ ಆ ಪುಣ್ಯಾತ್ಮನ್ನ ಇಟ್ಕೊಂಡೆನಪಾ. ನನ್ನ ಸೊಂಟ ಉಳಿಸಿದಿ."

ಗುಮಾಸ್ತ ಗತ್ತಿನಿಂದ ಕುರ್ಚಿ ಎಳೆದು ಕೂತ. ಸಾವ್ಕಾರರೇ ಚಹಾ ತರಲು ಹೋದರು.