ಗನಾಕಲ್ನಿಸ್: ಸಾಕೆಂದ ಗುಡ್ಡ

ನೆರಿಸ್ ನದಿಗೆ ಸೇರುವ ಸಣ್ಣ ಹೊಳೆಯೊಂದರ ದಡದಲ್ಲಿ, ಓಕ್ ಮರಗಳ ನಡುವೆ, ನಮ್ಮೂರ ಗುಡ್ಡವಿದೆ. ಬೇಸಿಗೆಯಲ್ಲಿ ಬಸ್ಸಿಳಿದು ಬರುವ ಪ್ರವಾಸಿಗರು ಏದುಸಿರು ಬರುವ ಮೊದಲೇ ಅದರ ತುದಿ ಮುಟ್ಟಿ, ಇಷ್ಟೇನಾ ಎಂದು ನಿರಾಶರಾಗುತ್ತಾರೆ. ಇದರ ಹೆಸರು ಗನಾಕಲ್ನಿಸ್. ಲಿಥುವೇನಿಯದ ಮಾತಿನಲ್ಲಿ ‘ಗನಿತಿ’ ಎಂದರೆ ದನ ಮೇಯಿಸುವುದು. ಆದ್ದರಿಂದ ಇದು ದನ ಮೇಯಿಸುತ್ತಿದ್ದ ಗುಡ್ಡವೆಂದು ಯಾರೋ ಪಂಡಿತರು ಫಲಕ ಬರೆಸಿ ನೆಟ್ಟುಹೋಗಿದ್ದಾರೆ. ಈ ಕಡಿದಾದ ಇಳಿಜಾರಿನಲ್ಲಿ ಯಾವ ದನ ಮೇಯುತ್ತದೆ ಎಂದು ಅವರು ಯೋಚಿಸಲಿಲ್ಲ. ಊರಿನವರನ್ನು ಒಂದು ಮಾತು ಕೇಳಲೂ ಇಲ್ಲ. ‘ಕಲ್ನಿಸ್’ ಎಂದರೆ ಗುಡ್ಡ, ‘ಗನಾ’ ಎಂದರೆ ‘ಸಾಕು’. ಎಲ್ಲರಿಂದಲೂ ರೋಸಿಹೋದ ಒಬ್ಬ ಮನುಷ್ಯನ ಬಾಯಿಂದ ಹೊರಟ ಮಾತು ಅದು.

ಹಿಂದೆ ಒಮ್ಮೆ, ಲಿಥುವೇನಿಯಾ ಮತ್ತು ಪೋಲೆಂಡ್ ಒಂದಾದ ಹೊಸದರಲ್ಲಿ, ಈ ಸೀಮೆಯಲ್ಲಿ ಮಾಂತ್ವಿಲಾಸ್ ಎಂಬ ಕುಲೀನನಿದ್ದನು. ಆಗ ಎರಡು ನಾಡಿಗೂ ದೊರೆ ಒಬ್ಬನೇ, ಮಹಾಸಭೆಯೂ ಒಂದೇ. ಆದರೆ ಸೈನ್ಯ, ಬೊಕ್ಕಸ, ಕಾನೂನು ಬೇರೆ ಬೇರೆ. ಒಂದೇ ಸೂರಿನಡಿ ಎರಡು ಒಲೆ ಹೂಡಿದ ಸಂಸಾರದಂತೆ. ಮಾಂತ್ವಿಲಾಸನ ಹೆಂಡತಿ ದೊರೋತಾ ಪೋಲೆಂಡಿನ ಮನೆತನದವಳು. ಮನೆಯಲ್ಲಿ ಆಡುವ ಮಾತು ಅವಳದೇ, ತೊಡುವ ನಿಲುವಂಗಿ ಆ ಕಡೆಯದೇ. ಇದರಿಂದ ಅವನಿಗೆ ನೆಮ್ಮದಿ ಇರಲಿಲ್ಲ. ಹೆಂಡತಿಯ ತಮ್ಮ ಜ್ಬಿಲುತ್ ಊಟಕ್ಕೆ ಕುಳಿತಾಗಲೆಲ್ಲ, “ಭಾವ, ಎಲ್ಲದರಲ್ಲೂ ನಮ್ಮವರೇ ಆಗಿದ್ದೀರಿ. ಇನ್ನೂ ಲಿಥುವೇನಿಯದವನೆಂದು ಹೇಳಿಕೊಳ್ಳುವ ಹಟವೇಕೆ?” ಎನ್ನುತ್ತಿದ್ದನು. ಇತ್ತ ನೆರೆಯ ಹಿರಿಯ ಗಿರ್ದ್ವೈನಿಸ್ ಎದುರಾದಾಗಲೆಲ್ಲ, “ನಿಜ ಹೇಳಪ್ಪ, ನೀನು ಯಾರ ಕಡೆಯವನು?” ಎಂದು ಕೆಣಕುತ್ತಿದ್ದನು. ಕಾಳಗದಲ್ಲಿ ಒಂದೇ ದೊರೆಗಾಗಿ ಎರಡು ನಾಡಿನವರ ಜೊತೆಯೂ ನಿಂತು ಗಾಯಗೊಂಡವನು ಮಾಂತ್ವಿಲಾಸ್.

ಅಷ್ಟರಲ್ಲಿ ಹೊಳೆಯಾಚೆಯ ಕೋಟೆಯ ಅಧಿಪತಿ ತೀರಿಕೊಂಡನು. ಆ ಪದವಿಯನ್ನು ಜ್ಬಿಲುತ್ ಬೇಡಿದನು. ಪೋಲೆಂಡಿನವರೂ ಸೇರಿ ಹೊರನಾಡಿನವರಿಗೆ ಇಲ್ಲಿ ಪದವಿಯನ್ನಾಗಲಿ ನೆಲವನ್ನಾಗಲಿ ಕೊಡಕೂಡದೆಂದು ಲಿಥುವೇನಿಯದ ಕಾನೂನು. ಸೀಮೆಯ ಕುಲೀನರೆಲ್ಲ ಈ ಗುಡ್ಡದ ಮೇಲೆ ಸಭೆ ಸೇರಿದರು. ಮೈದುನನ ಪರವಾಗಿಯೇ ಮಾತಾಡುತ್ತಾನೆಂದು ಎಲ್ಲರೂ ಕಾದಿರಲು ಮಾಂತ್ವಿಲಾಸ್ ಎದ್ದು, “ಜ್ಬಿಲುತ್ ಯೋಗ್ಯ, ನನಗೆ ಬೇಕಾದವನು. ಆದರೂ ಕೋಟೆ ಈ ನಾಡಿನವನ ಕೈಯಲ್ಲೇ ಇರಬೇಕು. ನಾವು ಕೂಡಿದ್ದೇವೆ, ಕರಗಿಹೋಗಿಲ್ಲ” ಎಂದನು. ಜ್ಬಿಲುತನ ಮುಖ ಕಪ್ಪಿಟ್ಟಿತು. “ಅಕ್ಕನ ಮನೆಯ ಅನ್ನ ಇನ್ನು ನನಗೆ ಸೇರದು, ಭಾವ” ಎಂದಷ್ಟೇ ಹೇಳಿ ತನ್ನ ಪರಿವಾರದೊಡನೆ ದೂರ ಹೋಗಿ ನಿಂತನು. ಇಷ್ಟಾದ ಮೇಲೂ ಗಿರ್ದ್ವೈನಿಸನಿಗೆ ತೃಪ್ತಿಯಿಲ್ಲ. ಮಾಂತ್ವಿಲಾಸನು ಹೆಂಡತಿಯ ಕಡೆಯವರನ್ನೆಲ್ಲ ತೊರೆದೆನೆಂದು ಆಣೆಯಿಡಲಿ ಎಂದು ಪಟ್ಟುಹಿಡಿದನು.

ಆ ಹೊತ್ತಿಗೆ ಹೊಳೆಯಾಚೆ ಹೊಗೆ ಎದ್ದಿತು. ಮೂಡಣ ಗಡಿಯ ಶತ್ರುಗಳ ದಂಡು ನುಗ್ಗಿ ಹಳ್ಳಿಗಳಿಗೆ ಬೆಂಕಿ ಇಡುತ್ತಿತ್ತು. ಮಾಂತ್ವಿಲಾಸನ ಮನೆ ಇದ್ದುದೂ ಆ ಕಡೆಗೇ. ಸಭೆಯಲ್ಲಿ ಮಾತ್ರ ದಂಡನಾಯಕನಿಲ್ಲದೆ ಪಡೆಯನ್ನು ನಡೆಸುವ ಹಕ್ಕು ಯಾರದೆಂಬ ಚರ್ಚೆ ಶುರುವಾಯಿತಂತೆ! ಎಲ್ಲರಿಗಿಂತ ಮೊದಲು ಕುದುರೆ ಹತ್ತಿದವನು ಜ್ಬಿಲುತ್. “ಅಕ್ಕ ಅಲ್ಲಿದ್ದಾಳೆ!” ಎಂದು ಕೂಗಿ ಇಳಿಜಾರಿನಲ್ಲೇ ಕುದುರೆ ಓಡಿಸಿದನು. ಹಿಂದೆಯೇ ಮಾಂತ್ವಿಲಾಸ್ ಹೊರಟನು. ದೊರೋತಾ ಹಳ್ಳಿಯ ಹೆಂಗಸರು ಮಕ್ಕಳನ್ನು ಕರೆದುಕೊಂಡು ಹೊಳೆ ದಾಟುವಷ್ಟು ಹೊತ್ತು ಇಬ್ಬರೂ ಕೈಯಾಳುಗಳೊಂದಿಗೆ ಕಿರುಸೇತುವೆಯನ್ನು ತಡೆದು ನಿಂತರು. ಕೊನೆಯವಳು ದಾಟಿದಾಗ ಒಂದು ಭರ್ಜಿ ಜ್ಬಿಲುತನ ಎದೆ ಹೊಕ್ಕಿತು. ಉಳಿದವರು ಸೇತುವೆ ಕಡಿದು ಕೆಡವಿದರು, ದಂಡು ಹಿಂದಿರುಗಿತು.

ಇಗರ್ಜಿ ಸುಟ್ಟುಹೋಗಿದ್ದರಿಂದ ಹೆಣವನ್ನು ಹೂಳಲು ಗುಡ್ಡಕ್ಕೆ ತಂದರು. ಸಭೆ ಇನ್ನೂ ಮುಗಿದಿರಲಿಲ್ಲ. ಗಿರ್ದ್ವೈನಿಸ್ ಟೋಪಿ ತೆಗೆದು, “ಮಡಿದವನಿಗೆ ನಮ್ಮ ನಮಸ್ಕಾರ. ಆದರೆ ಇದು ಲಿಥುವೇನಿಯದ ಕುಲೀನರ ನೆಲ. ಹೊರನಾಡಿನವನಿಗೆ ಕೊಡುವಂತಿಲ್ಲ. ಬೆಳಿಗ್ಗೆ ಆ ಕಾನೂನನ್ನು ಎತ್ತಿಹಿಡಿದವನು ನೀನೇ” ಎಂದನು. ಜ್ಬಿಲುತನ ಪರಿವಾರದವನೊಬ್ಬ, “ಈ ಕೃತಘ್ನರ ಮಣ್ಣು ನಮಗೆ ಬೇಡ, ಪೋಲೆಂಡಿಗೆ ಒಯ್ಯುತ್ತೇವೆ” ಎಂದು ಹೆಣದ ಕಾಲು ಹಿಡಿದನು. ಮಾಂತ್ವಿಲಾಸನ ಆಳುಗಳು ಬಿಡಿ ಎನ್ನುವರು, ಪರಿವಾರದವರು ಮುಟ್ಟಬೇಡಿ ಎನ್ನುವರು.

“ಗನಾ!” ಎಂದು ಮಾಂತ್ವಿಲಾಸ್ ಅರಚಿದನು. ಹೊಳೆಯಾಚೆಗೂ ಕೇಳಿಸಿತು ಎನ್ನುತ್ತಾರೆ. “ಸಾಕು! ಬೆಳಿಗ್ಗೆ ಹೇಳಿದ್ದನ್ನು ಈಗಲೂ ಹೇಳುತ್ತೇನೆ. ನಾನು ಲಿಥುವೇನಿಯದವನು. ಪದವಿ ನಮ್ಮವನಿಗೇ ಸಲ್ಲಬೇಕು. ಇವನು ಈಗ ಪದವಿ ಕೇಳುತ್ತಿಲ್ಲ, ಮಲಗಲು ಜಾಗ ಕೇಳುತ್ತಿದ್ದಾನೆ. ನನ್ನ ಹೆಂಡತಿಯನ್ನು ಉಳಿಸಿದವನು ಇಲ್ಲೇ ಮಲಗುತ್ತಾನೆ. ತಡೆಯುವವರು ಮುಂದೆ ಬನ್ನಿ!” ಯಾರೂ ಬರಲಿಲ್ಲ. ಅವನೇ ಗುಂಡಿ ತೋಡಿದನು, ತೋಡುತ್ತ ಬಿಕ್ಕಿದನು. ಬೆಳಗಿನ ಮನಸ್ತಾಪವನ್ನು ಸರಿಪಡಿಸಿಕೊಳ್ಳಲು ಮೈದುನನು ಉಳಿದಿರಲಿಲ್ಲ. ಮಣ್ಣು ಮುಚ್ಚುವ ಹೊತ್ತಿಗೆ ಗಿರ್ದ್ವೈನಿಸನೂ ಒಂದು ಹಿಡಿ ಹಾಕಿದನಂತೆ. ಅವನ ವಂಶದವರು ಹೌದೆನ್ನುತ್ತಾರೆ, ಉಳಿದವರು ನಗುತ್ತಾರೆ. ಇಷ್ಟೆಲ್ಲ ರಂಪಕ್ಕೆ ಕಾರಣವಾದ ಕೋಟೆ ಆ ಮಧ್ಯಾಹ್ನವೇ ಉರಿದು ಬೂದಿಯಾಗಿತ್ತು. ಅದನ್ನು ಮತ್ತೆ ಕಟ್ಟಲಿಲ್ಲ.

ಈಗ ಗುಡ್ಡದ ನೆತ್ತಿಯಲ್ಲಿ ಕಾಣುವುದು ಅಕ್ಕಪಕ್ಕದ ಎರಡು ದಿಬ್ಬಗಳು. ಎರಡನೆಯದು ಮಾಂತ್ವಿಲಾಸನದು, ತನ್ನನ್ನು ಅಲ್ಲೇ ಇಡಬೇಕೆಂದು ಅವನು ಕೇಳಿಕೊಂಡಿದ್ದನು. ಎರಡಕ್ಕೂ ಸೇರಿ ಒಂದೇ ಕಲ್ಲು. ಅದರ ಮೇಲೆ ಒಂದಕ್ಷರವೂ ಇಲ್ಲ. ಪ್ರವಾಸಿಗರು ಸವೆದುಹೋಗಿರಬೇಕೆಂದು ಬೆರಳಾಡಿಸಿ ನೋಡುತ್ತಾರೆ. ಸವೆದಿಲ್ಲ. ಏನು ಕೆತ್ತಲಿ ಎಂದು ಕಲ್ಲುಕುಟಿಗ ಕೇಳಿದಾಗ, “ಏನೂ ಬೇಡಪ್ಪ. ಯಾವ ಭಾಷೆಯಲ್ಲಿ ಎಂದು ಕುಲೀನರೆಲ್ಲ ಮತ್ತೆ ಸಭೆ ಸೇರುತ್ತಾರೆ” ಎಂದಳಂತೆ ದೊರೋತಾ.