ಹಿಡಿಯುವ ಮೊದಲೇ ಬಂದ ಉತ್ತರ

ಮಾವಿನ ಮರದ ಕೆಂಜಿರುವೆಗಳು ಒಬ್ಬರ ಸೊಂಟ ಒಬ್ಬರು ಹಿಡಿದು ಎಲೆಯಿಂದ ಎಲೆಗೆ ಸೇತುವೆಯಾಗುತ್ತಿದ್ದವು. ಮುಂದಿನವಳು "ಹಿಡಿದೆಯಾ?" ಎಂದು ಕೇಳಬೇಕು. ಹಿಂದಿನವಳು ಸೊಂಟ ಹಿಡಿದ ಮೇಲೆ "ಹಿಡಿದೆ" ಎನ್ನಬೇಕು. ಅದನ್ನು ಕೇಳಿದ ಮೇಲೆಯೇ ಮುಂದಿನವಳು ಎಲೆ ಬಿಡಬೇಕು. ಈ ಕಟ್ಟಳೆ ಮಾಡಿದವಳು ಮುದುಕಿ ಕೆಂಜಿ. ಯಾವ ಗೂಡಿನವರಾದರೂ ಬಳಸಲಿ, ಬೇಕಾದರೆ ತಿದ್ದಲಿ ಎಂದು ಅದನ್ನು ಇಡೀ ಮರಕ್ಕೆ ಬಿಟ್ಟುಕೊಟ್ಟಿದ್ದಳು.

ಒಂದು ದಿನ ಪಕ್ಕದ ಗೂಡಿನ ಚುರುಕಿ ಬಂದಳು. "ಅಜ್ಜಿ, ಕೇಳಿದ ಕೂಡಲೇ 'ಹಿಡಿದೆ' ಅಂದುಬಿಡೋಣ. ಹೇಗಿದ್ದರೂ ಆಮೇಲೆ ಹಿಡಿದೇ ಹಿಡಿಯುತ್ತೇವೆ. ಸೇತುವೆ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ."

"ಗಾಳಿ ಬಂದರೆ?"

"ನಿಮಗೆ ಬರೀ ಭಯ. ಬೆಳಗಿನಿಂದ ಹೀಗೇ ಕಟ್ಟುತ್ತಿದ್ದೇವೆ, ಒಬ್ಬರಾದರೂ ಬಿದ್ದರೇ?"

ಎಲ್ಲ ಗೂಡುಗಳೂ ಹೌದೆಂದವು. ಅಳುಕುತ್ತಲೇ ಕೆಂಜಿ ಒಪ್ಪಿದಳು. ಅಂದಿನಿಂದ ಒಂದು ಎಲೆ ಅಲುಗಿದರೂ ಅವಳು "ಹಿಡಿದಿರಾ?" ಎಂದು ಕೂಗುವಳು. ಮರದ ತುಂಬ "ಹಿಡಿದೆ" ಎಂಬ ಉತ್ತರ ಕೇಳಿ ಸಮಾಧಾನ ತಂದುಕೊಳ್ಳುವಳು.

ಒಂದು ಮಧ್ಯಾಹ್ನ ಜೋರು ಗಾಳಿ ಎದ್ದಿತು. "ಹಿಡಿದಿರಾ?" ಎಂದು ಕೆಂಜಿ ಕಿರುಚಿದಳು.

"ಹಿಡಿದೆ! ಹಿಡಿದೆ!"

ಒಂದು ದನಿಯೂ ತಪ್ಪಲಿಲ್ಲ. ಆದರೆ ಎಲ್ಲವೂ ಕೆಳಗಿನಿಂದ, ಇನ್ನೂ ಕೆಳಗಿನಿಂದ ಕೇಳಿಬರುತ್ತಿದ್ದವು.