ಜಮಾದಾರ ಕಲಿತ ಸ್ಪ್ಯಾನಿಷ್

ಹೆಗಲ ಕಂಬಳಿ ಮುಟ್ಟಿ ಹೇಳ್ತೀನಿ, ಇದು ನಮ್ಮ ಕುರಿಹಟ್ಟೀಲೇ ನಡೆದದ್ದು, ಒಂದಕ್ಷರ ಸುಳ್ಳಿಲ್ಲ. ಉಣ್ಣೆ ನೋಡೋಕೆ ಬಂದ ಸ್ಪೇನ್ ದೇಶದ ಹೆಣ್ಮಗಳು ಮಾರಿಸೋಲ್ ಎಂಟು ದಿನ ಇದ್ದು, ನನ್ನ ನಾಯಿ ಜಮಾದಾರನಿಗೆ ಹಟ್ಟಿ ಪ್ರಾಣಿಗಳ ಹೆಸರೆಲ್ಲ ಅವಳ ಭಾಷೇಲಿ ಕಲಿಸಿ ಹೋದ್ಲು. ಸುತ್ತ ಹತ್ತೂರಲ್ಲಿ ಅಂಥ ನಾಯಿ ಸಾಕಿದೋನು ನಾನೊಬ್ಬನೇ. ಅವತ್ತಿಂದ ಅವನು ಬೊಗಳೋದೇ ಬಿಟ್ಟ. ಹಸು ಕಂಡ್ರೆ "ವಾಕಾ" ಅಂತಿದ್ದ, ಹುಂಜ ಕಂಡ್ರೆ "ಗಾಯೊ".

ಒಂದು ಮಧ್ಯಾಹ್ನ ಮಂದೆ ನನ್ನ ತಮ್ಮನ ಜೊತೆ ಮೇಯೋಕೆ ಹೋಗಿತ್ತು. ಕಾಲುಳುಕಿದ ಒಂದು ತಾಯಿಕುರಿ, ಅದರ ಮರಿ, ಇಷ್ಟೇ ಹಟ್ಟೀಲಿ. ಬೇಲಿ ಹತ್ರ ತೋಳ ಬಂತು.

"ಬೊಗಳೋ! ಯಜಮಾನ ಅಲ್ಲೇ ಮರದಡಿ ಮಲಗವ್ನೆ," ಅಂದ್ಲು ಕುರಿ.

"ಬೊಗಳೋದು ಓದು ಬರದೋರ ಕೆಲಸ," ಅಂದ ಜಮಾದಾರ. "ತೋಳಕ್ಕೆ ಏನಂತಾರೋ ನಂಗಿನ್ನೂ ಕಲಿಸಿಲ್ಲ."

ತೋಳ ತಲೆ ಬಗ್ಗಿಸ್ತು. "ಗುರುಗಳೇ, ನಾನೂ ಕಲಿಯೋಕೆ ಬಂದೆ. ಆ ಮರಿಗೆ ಏನಂತಾರೆ?"

"ಕೊರ್ದೇರೊ."

"ನಾನು ದಡ್ಡ. ಹತ್ರದಿಂದ ನೋಡದೆ ತಲೇಗೆ ಹತ್ತಲ್ಲ."

"ಬೇಡ ಕಣೋ, ನಂಗಿರೋದು ಅದೊಂದೇ!" ಅಂತ ಕುರಿ ಕುಂಟ್ಕೊಂಡು ಬಂದು ಅಡ್ಡ ನಿಂತ್ಲು. ಜಮಾದಾರ ಅವಳನ್ನ ತಳ್ಳಿ, ಮರೀನ ಬೇಲಿಯಾಚೆ ದೂಡಿದ. "ಸರಿಯಾಗಿ ನೋಡ್ಕೊಂಡು ಹೇಳು."

ತೋಳ ಮರೀನ ಕಚ್ಕೊಂಡು ಗುಡ್ಡ ಹತ್ತಿತು. ಜಮಾದಾರ ನಿಂತಲ್ಲೇ "ಕೊರ್ದೇರೊ! ಕೊರ್ದೇರೊ!" ಅಂತ ಕೂಗ್ತಾನೇ ಇದ್ದ. ನಂಗೆ ಚೆನ್ನಾಗೇ ಕೇಳಿಸ್ತು. ಪಾಠ ಒಪ್ಪಿಸ್ತಾವ್ನೆ ಅಂತ ಹೆಮ್ಮೆಪಟ್ಟು ಮಗ್ಗಲು ಬದಲಾಯಿಸ್ದೆ.

ಸಂಜೆ ಕುರಿ ಕೆಚ್ಚಲು ತುಂಬ್ಕೊಂಡು ಗುಡ್ಡದ ಕಡೆ ನೋಡ್ತಾ ನಿಂತಿದ್ಲು. ನಂಗೆ ಹೋದದ್ದು ನಾಲ್ಕು ಸಾವಿರದ ಮುನ್ನೂರೈವತ್ತು ರೂಪಾಯಿ.